84 ದಿನಗಳ ಲೆಕ್ಕ: ಬಾಯಿ ಕ್ಯಾನ್ಸರ್‌ಗೆ ಆಪರೇಷನ್ ಮತ್ತು ಕರೆಂಟು ಎರಡನ್ನೂ ಜೋಡಿಸಿಕೊಳ್ಳುವ ಬಗೆ

ಮಲೆನಾಡಿನ ಮನೆಗಳ ಜಗಲಿಯಲ್ಲಿ ಕವಳದ (ಎಲೆಅಡಿಕೆಯ) ಬಟ್ಟಲು ಇರುವುದು ಎಷ್ಟು ಸಹಜವೋ, ಕೆನ್ನೆಯ ಒಳಗೆ ಮಾಯದ ಹುಣ್ಣೊಂದು ಕಾಣಿಸಿದಾಗ ಅದನ್ನು ಸುಣ್ಣ ಸುಟ್ಟದ್ದೆಂದು ತಿಂಗಳುಗಟ್ಟಲೆ ತಳ್ಳಿಹಾಕುವುದೂ ಅಷ್ಟೇ ಸಹಜವಾಗಿಬಿಟ್ಟಿದೆ. ಹೊಗೆಸೊಪ್ಪು ಸೇರದಿದ್ದರೂ ಅಡಿಕೆ ತಾನೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರ ವರದಿಯಲ್ಲಿ ಹೇಳಿದೆ. ಅಡಿಕೆಯಿಂದಲೇ ಅನ್ನ ಉಣ್ಣುವ ನಮಗೆ ಇದು ಹಿತವಾದ ಮಾತಲ್ಲ, ಆದರೆ ಈ ಬರಹದ ವಿಷಯ ಕಾರಣಗಳಲ್ಲ. ಬಯಾಪ್ಸಿ ಆಗಿ, ರೋಗ ಖಚಿತವಾಗಿ, ವೈದ್ಯರು "ಆಪರೇಷನ್ ಮಾಡೋಣ, ಆಮೇಲೆ ಕರೆಂಟು ಕೊಡಿಸಬೇಕಾಗಬಹುದು" ಎಂದ ಮೇಲೆ ಮನೆಯವರು ಏನನ್ನು ಯಾವಾಗ ಮಾಡಬೇಕು ಎಂಬುದಷ್ಟೇ ಇಲ್ಲಿನ ವಿಷಯ. ಕರೆಂಟು ಎಂದರೆ ನಮ್ಮ ಜನರ ಬಾಯಲ್ಲಿ ವಿಕಿರಣ ಚಿಕಿತ್ಸೆ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಚಿಕ್ಕಪ್ಪನಿಗೆ ಈ ಕಾಯಿಲೆ ಬಂದಾಗ ಆ ಮಾತಿನ ಮೊದಲರ್ಧ ಮಾತ್ರ ನಮ್ಮ ಕಿವಿಗೆ ಬಿದ್ದಿತ್ತು. ಆಪರೇಷನ್ ಎಂದರೆ ದೊಡ್ಡ ಕೆಲಸ, ಅದು ಮುಗಿದರೆ ಎಲ್ಲವೂ ಮುಗಿದಂತೆ, ಕರೆಂಟು ಎನ್ನುವುದು ಪುರುಸೊತ್ತಾದಾಗ ಮಾಡಿಸಿಕೊಳ್ಳುವ ಬಾಲಂಗೋಚಿ ಎಂದು ತಿಳಿದಿದ್ದೆವು. ವಾಸ್ತವದಲ್ಲಿ ಅವು ಎರಡು ಚಿಕಿತ್ಸೆಗಳಲ್ಲ, ಒಂದೇ ಚಿಕಿತ್ಸೆಯ ಎರಡು ಭಾಗಗಳು. ನಡುವಿನ ಅಂತರ ಹಿಗ್ಗಿದಷ್ಟೂ ಮೊದಲನೆಯದರ ಲಾಭ ಕರಗುತ್ತ ಹೋಗುತ್ತದೆ.

ಎರಡೂ ಏಕೆ, ಯಾವುದು ಮೊದಲು

ಶಸ್ತ್ರಚಿಕಿತ್ಸಕರು ಗಡ್ಡೆಯನ್ನು ಅದರ ಸುತ್ತಲಿನ ಸುಮಾರು 1 ಸೆಂಟಿಮೀಟರ್ ಆರೋಗ್ಯವಂತ ಭಾಗದೊಂದಿಗೆ ತೆಗೆಯುತ್ತಾರೆ ಮತ್ತು ಅದೇ ಹೊತ್ತಿನಲ್ಲಿ, ರೋಗ ಮೊದಲು ಹರಡುವ ತಾಣಗಳಾದ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆಯುತ್ತಾರೆ. ಕುತ್ತಿಗೆಯಲ್ಲಿ ಗಂಟೇ ಇಲ್ಲದಿರುವಾಗ ಅಲ್ಲೇಕೆ ಕತ್ತರಿಸಬೇಕು ಎಂದು ಅನೇಕರು ಜಗಳಕ್ಕೆ ನಿಲ್ಲುತ್ತಾರೆ, ನಾವೂ ನಿಂತಿದ್ದೆವು. ಈ ಪ್ರಶ್ನೆಗೆ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನವೇ ಉತ್ತರ: ಆರಂಭದ ಹಂತದ ಬಾಯಿ ಕ್ಯಾನ್ಸರ್‌ನಲ್ಲಿ ಗ್ರಂಥಿಗಳನ್ನು ಮೊದಲೇ ತೆಗೆಸಿಕೊಂಡವರಲ್ಲಿ 3 ವರ್ಷಗಳ ಬಳಿಕ ಶೇ. 80ರಷ್ಟು ಮಂದಿ ಬದುಕಿದ್ದರೆ, ಗಂಟು ಕಾಣಿಸಿದ ಮೇಲೆ ನೋಡೋಣ ಎಂದು ಕಾದವರಲ್ಲಿ ಆ ಪ್ರಮಾಣ ಶೇ. 67.5 ಆಗಿತ್ತು.

ಕತ್ತಿ ತೆಗೆಯುವುದು ಕಣ್ಣಿಗೂ ಕೈಗೂ ಸಿಗುವುದನ್ನು. ನರದ ಗುಂಟ ಹರಿದ, ಗ್ರಂಥಿಯ ಕವಚ ಒಡೆದು ಸುತ್ತಲಿನ ಕೊಬ್ಬಿಗೆ ಚೆಲ್ಲಿದ ಬಿಡಿ ಕೋಶಗಳು ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುತ್ತವೆ, ಕೆಲವೊಮ್ಮೆ ಅದಕ್ಕೂ ಕಾಣುವುದಿಲ್ಲ. ವಿಕಿರಣದ ಬಲ ಇರುವುದು ಅಲ್ಲಿಯೇ. ದೊಡ್ಡ ಗಡ್ಡೆಯ ನಡುಭಾಗಕ್ಕೆ ರಕ್ತವೂ ಆಮ್ಲಜನಕವೂ ಸರಿಯಾಗಿ ತಲುಪದಿರುವುದರಿಂದ ವಿಕಿರಣ ಅಲ್ಲಿ ಸೋಲುತ್ತದೆ, ಆದರೆ ಚದುರಿ ಉಳಿದ ಕೋಶಗಳ ಮೇಲೆ ಗೆಲ್ಲುತ್ತದೆ. ಹಾಗಾದರೆ ಕರೆಂಟನ್ನೇ ಮೊದಲು ಕೊಟ್ಟು ಗಡ್ಡೆಯನ್ನು ಕುಗ್ಗಿಸಿ ಆಮೇಲೆ ಕತ್ತರಿಸಬಾರದೇ ಎಂದು ಕೇಳುವವರಿದ್ದಾರೆ. ವಿಕಿರಣ ತಾಗಿದ ಜಾಗದ ಸಣ್ಣ ರಕ್ತನಾಳಗಳು ಕುಗ್ಗಿ, ಆಮೇಲೆ ಹಾಕಿದ ಹೊಲಿಗೆ ಸುಲಭವಾಗಿ ಕೂಡುವುದಿಲ್ಲ. ಬಾಯಿಯ ಕ್ಯಾನ್ಸರ್‌ನಲ್ಲಿ ಸಾಮಾನ್ಯವಾಗಿ ಆಪರೇಷನ್ ಮೊದಲು, ಕರೆಂಟು ನಂತರ ಎಂಬ ಕ್ರಮ ನೆಲೆಗೊಂಡಿರುವುದಕ್ಕೆ ಇದೂ ಒಂದು ಕಾರಣ.

ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ನಲ್ಲಿ ಮಾತು ಬೇರೆ. ಅಲ್ಲಿ ಸ್ವರವನ್ನು ಉಳಿಸಿಕೊಳ್ಳುವ ಸಲುವಾಗಿ ಅನೇಕರಿಗೆ ಕಿಮೋ ಸಹಿತ ವಿಕಿರಣವನ್ನೇ ಮೊದಲು 7 ವಾರ ಕೊಟ್ಟು, ರೋಗ ಉಳಿದರೆ ಅಥವಾ ಮರುಕಳಿಸಿದರೆ ಮಾತ್ರ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಮೂಗಿನ ಹಿಂಬದಿಯ ಗಂಟಲಿನಲ್ಲಿ ಹುಟ್ಟುವ ಕ್ಯಾನ್ಸರ್‌ಗಂತೂ ವಿಕಿರಣವೇ ಮುಖ್ಯ ಚಿಕಿತ್ಸೆ. ಆದ್ದರಿಂದ ಪಕ್ಕದ ಮನೆಯವರಿಗೆ ಯಾವ ಕ್ರಮ ಅನುಸರಿಸಿದರು ಎಂಬುದನ್ನು ಹಿಡಿದುಕೊಂಡು ನಿಮ್ಮ ವೈದ್ಯರೊಂದಿಗೆ ವಾದಿಸಬೇಡಿ. ಶಸ್ತ್ರಚಿಕಿತ್ಸಕರು, ವಿಕಿರಣ ತಜ್ಞರು ಮತ್ತು ಕಿಮೋ ತಜ್ಞರು ಒಟ್ಟಿಗೆ ಕುಳಿತು ತೀರ್ಮಾನಿಸುವ ಟ್ಯೂಮರ್ ಬೋರ್ಡ್ ಎಂಬ ಸಭೆ ಆ ಆಸ್ಪತ್ರೆಯಲ್ಲಿದೆಯೇ, ನಮ್ಮ ಫೈಲು ಅದರ ಮುಂದೆ ಬಂದಿದೆಯೇ ಎಂದು ಕೇಳುವುದು ಹೆಚ್ಚು ಉಪಯೋಗದ ಪ್ರಶ್ನೆ.

ಕೊನೆಯಿಂದ ಮೊದಲಿಗೆ ಎಣಿಸಿ

ಆಪರೇಷನ್ ಆದ ದಿನದಿಂದ 6 ವಾರಗಳೊಳಗೆ, ಅಂದರೆ 42 ದಿನಗಳೊಳಗೆ, ವಿಕಿರಣ ಆರಂಭವಾಗಬೇಕು ಎನ್ನುವುದು ಒಪ್ಪಿತ ಗುರಿ. ವಿಕಿರಣವು ವಾರಕ್ಕೆ 5 ದಿನದಂತೆ ಸಾಮಾನ್ಯವಾಗಿ 30 ಸಲ ನಡೆಯುತ್ತದೆ, ಅದು ಇನ್ನೊಂದು 6 ವಾರ. ಎರಡನ್ನೂ ಕೂಡಿಸಿದರೆ 84 ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ಆಪರೇಷನ್ನಿನ ದಿನಕ್ಕೆ ಒಂದು ಗುರುತು, 42ನೆಯ ದಿನಕ್ಕೆ ಇನ್ನೊಂದು, 84ನೆಯ ದಿನಕ್ಕೆ ಮತ್ತೊಂದು ಹಾಕಿ, ಬಳಿಕ ಹಿಂದಕ್ಕೆ ಎಣಿಸುತ್ತ ಬನ್ನಿ.

42ನೆಯ ದಿನ ಮೊದಲ ಕರೆಂಟು ಬೀಳಬೇಕಾದರೆ, ಅದಕ್ಕೂ ಒಂದೆರಡು ವಾರ ಮೊದಲು ತಲೆ ಅಲುಗದಂತೆ ಹಿಡಿಯುವ ಪ್ಲಾಸ್ಟಿಕ್ ಮಾಸ್ಕನ್ನು ಮುಖದ ಅಳತೆಗೆ ಮಾಡಿಸಿ, ಅದನ್ನು ಧರಿಸಿದ ಸ್ಥಿತಿಯಲ್ಲಿ ಸಿ.ಟಿ. ಸ್ಕ್ಯಾನ್ ತೆಗೆಸಿ, ಯಾವ ಕೋನದಿಂದ ಎಷ್ಟು ಕಿರಣ ಎಂಬ ಯೋಜನೆಯನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಬೇಕಾಗುತ್ತದೆ. ಮಾಸ್ಕ್ ಮಾಡಿಸುವ ಹೊತ್ತಿಗೆ ಗಾಯ ಮಾಗಿ ಊತ ಇಳಿದಿರಬೇಕು, ಹೊಲಿಗೆ ತೆಗೆದಿರಬೇಕು ಮತ್ತು ಕತ್ತರಿಸಿದ ಭಾಗದ ಪರೀಕ್ಷಾ ವರದಿ ಕೈಯಲ್ಲಿರಬೇಕು. ದವಡೆಯ ಮೂಳೆಯನ್ನೂ ತೆಗೆದಿದ್ದರೆ ಅದನ್ನು ರಾಸಾಯನಿಕದಲ್ಲಿ ಮೆದುವಾಗಿಸಿ ಪರೀಕ್ಷಿಸಬೇಕಾದ್ದರಿಂದ ಪೂರ್ಣ ವರದಿ ಇನ್ನೂ ಕೆಲವು ದಿನ ತಡವಾಗುತ್ತದೆ. ಇಷ್ಟನ್ನೆಲ್ಲ ಕಳೆದರೆ ಆ 42 ದಿನಗಳಲ್ಲಿ ಮನೆಗೆ ಹೋಗಿ ಸುಧಾರಿಸಿಕೊಳ್ಳಲು ಉಳಿಯುವುದು ಬಹಳ ಕಡಿಮೆ ಎಂಬುದು ತಾನಾಗಿ ಕಾಣುತ್ತದೆ.

ಚಿಕ್ಕಪ್ಪನ ಆಪರೇಷನ್ ಆದದ್ದು ಕಾರ್ತಿಕ ಮಾಸದಲ್ಲಿ. ಅಡಿಕೆಯ ಕೊನೆ (ಗೊನೆ) ತೆಗೆಯುವ ಕಾಲ, ಕೊನೆಗಾರ ಸಿಗುವುದೇ ಕಷ್ಟ, ಸಿಕ್ಕವನು ನಾಳೆಗಿಲ್ಲ. ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಬಂದ ಮೇಲೆ ಅಡಿಕೆ ಸುಲಿದು, ಬೇಯಿಸಿ, ಅಟ್ಟದ ಮೇಲೆ ಒಣಗಿಸುವವರೆಗೆ ಯಾರೂ ಪೇಟೆಯ ಕಡೆ ತಲೆ ಹಾಕಲಿಲ್ಲ. ಪರೀಕ್ಷಾ ವರದಿಯು ಆಸ್ಪತ್ರೆಯ ಕೌಂಟರಿನಲ್ಲಿ ಮೂರು ವಾರ ಬಿದ್ದಿತ್ತು. ಸಿದ್ಧವಾಗಿದೆ ಎಂದು ನಮಗೆ ಯಾರೂ ಫೋನು ಮಾಡಲಿಲ್ಲ ನಿಜ, ಆದರೆ ನಾವೂ ಮಾಡಲಿಲ್ಲ. ಆದ್ದರಿಂದ ಡಿಸ್ಚಾರ್ಜ್ ಆಗುವ ದಿನವೇ ವರದಿ ಯಾವ ತಾರೀಖಿಗೆ ಸಿಗುತ್ತದೆ, ಎಲ್ಲಿ ಸಿಗುತ್ತದೆ, ಅದನ್ನು ಹಿಡಿದು ಯಾರನ್ನು ನೋಡಬೇಕು ಎಂಬ ಮೂರನ್ನೂ ಬರೆಸಿಕೊಳ್ಳಿ.

ಆಪರೇಷನ್ನಿಗೂ ಮುಂಚೆ ಮುಗಿಸಬೇಕಾದ ಕರೆಂಟಿನ ಸಿದ್ಧತೆ

ವಿಕಿರಣಕ್ಕೆ ಬೇಕಾದ ಸಿದ್ಧತೆಯ ಅರ್ಧಪಾಲು ಆಪರೇಷನ್ನಿಗೂ ಮುಂಚೆಯೇ ಆಗಬೇಕೆಂಬುದು ಬಹುಪಾಲು ಜನರಿಗೆ ಗೊತ್ತಿಲ್ಲ. ಹಲ್ಲಿನ ವಿಷಯವನ್ನೇ ತೆಗೆದುಕೊಳ್ಳಿ. ವಿಕಿರಣ ಬಿದ್ದ ದವಡೆಯ ಮೂಳೆಗೆ ರಕ್ತ ಸಂಚಾರ ಶಾಶ್ವತವಾಗಿ ಕುಗ್ಗುತ್ತದೆ. ಆಮೇಲೆ ಅಲ್ಲಿ ಒಂದು ಹಲ್ಲು ಕಿತ್ತರೂ ಆ ಕುಳಿ ಮಾಯದೆ, ಮೂಳೆ ಬಯಲಾಗಿ, ಕೊಳೆಯತೊಡಗಬಹುದು. ಆದ್ದರಿಂದ ಹುಳುಕಾದ, ಅಲ್ಲಾಡುವ ಹಲ್ಲುಗಳನ್ನು ವಿಕಿರಣಕ್ಕೆ ಕನಿಷ್ಠ 2–3 ವಾರ ಮೊದಲು ಕಿತ್ತು ಗಾಯ ಮಾಗಿಸಿಕೊಳ್ಳಬೇಕು. ಆಪರೇಷನ್ನಿಗೆ ಮುಂಚೆ ದಂತವೈದ್ಯರಿಗೆ ತೋರಿಸಿದರೆ, ಅರಿವಳಿಕೆಯಲ್ಲಿರುವಾಗಲೇ ಆ ಹಲ್ಲುಗಳನ್ನೂ ತೆಗೆದುಬಿಡಲು ಸಾಧ್ಯ. ಹೀಗೆ ಮಾಡಿದರೆ ಒಂದು ದಿನವೂ ವ್ಯರ್ಥವಾಗುವುದಿಲ್ಲ. ನಮಗೆ ಇದನ್ನು ಮಾಸ್ಕ್ ಮಾಡಿಸಲು ಹೋದ ದಿನ ಹೇಳಿದರು. ನಾಲ್ಕು ಹಲ್ಲು ಕೀಳಿಸಬೇಕಾಯಿತು, ಅದು ಮಾಗುವವರೆಗೆ ಮತ್ತೆ ಕಾಯಬೇಕಾಯಿತು. ಕಳೆದುಕೊಂಡ ವಾರಗಳಲ್ಲಿ ನನಗೆ ಇಂದಿಗೂ ಹೊಟ್ಟೆ ಉರಿಸುವುದು ಇವೇ. ಅಡಿಕೆ ಸುಗ್ಗಿಗೆ ಕಳೆದದ್ದಕ್ಕೆ ನಾವೇ ಹೊಣೆ, ಇದಕ್ಕೆ ಒಂದು ಮಾತು ಮೊದಲೇ ಹೇಳಿದ್ದರೆ ಸಾಕಿತ್ತು.

ವಿಕಿರಣ ತಜ್ಞರು ಗಡ್ಡೆಯನ್ನು ಅದು ಬಾಯಿಯಲ್ಲಿ ಇರುವಾಗಲೇ ಒಮ್ಮೆ ನೋಡುವುದು ಬಹಳ ಒಳ್ಳೆಯದು. ಕತ್ತರಿಸಿ, ಎದೆಯ ಅಥವಾ ತೋಳಿನ ಮಾಂಸವನ್ನು ತಂದು ಮುಚ್ಚಿದ ಮೇಲೆ ಅದು ಮೊದಲು ಎಲ್ಲಿಂದ ಎಲ್ಲಿಯವರೆಗೆ ಇತ್ತೆಂಬುದು ಯಾರ ಕಣ್ಣಿಗೂ ಕಾಣದು. ಆಪರೇಷನ್ ಒಂದು ಊರಿನಲ್ಲಿ, ವಿಕಿರಣ ಇನ್ನೊಂದು ಊರಿನಲ್ಲಿ ಎಂದಾದರೆ, ಬಾಯಿ ತೆರೆದು ಒಳ್ಳೆಯ ಬೆಳಕಿನಲ್ಲಿ ಮೊಬೈಲಿನಿಂದ ತೆಗೆದ ನಾಲ್ಕು ಚಿತ್ರಗಳೂ ಕೆಲಸಕ್ಕೆ ಬರುತ್ತವೆ. ಅವುಗಳ ಜೊತೆಗೆ ಆಪರೇಷನ್ನಿಗೆ ಮುಂಚಿನ ಸ್ಕ್ಯಾನಿನ ಸಿ.ಡಿ., ಆಪರೇಷನ್ ಟಿಪ್ಪಣಿ, ಡಿಸ್ಚಾರ್ಜ್ ಸಾರಾಂಶ, ಪರೀಕ್ಷಾ ವರದಿ ಮತ್ತು ಕೇಳಿದರೆ ಕೊಡಲು ಕತ್ತರಿಸಿದ ಭಾಗದ ಚೂರುಗಳಿರುವ ಸ್ಲೈಡುಗಳು ಹಾಗೂ ಮೇಣದ ಬ್ಲಾಕುಗಳು, ಇವೆಲ್ಲವೂ ಒಂದೇ ಚೀಲದಲ್ಲಿರಲಿ.

ಕವಳ, ಬೀಡಿ, ಗುಟ್ಕಾ ಎಲ್ಲವೂ ರೋಗ ಖಚಿತವಾದ ದಿನದಿಂದಲೇ ನಿಲ್ಲಬೇಕು. ಧೂಮಪಾನ ಮುಂದುವರಿಸಿದವರಲ್ಲಿ ಗಾಯ ಮಾಗುವುದೂ ತಡ, ವಿಕಿರಣದ ಪರಿಣಾಮವೂ ಕಡಿಮೆ. ಹೊಗೆಸೊಪ್ಪು ಬಿಟ್ಟು ಬರೀ ಎಲೆಅಡಿಕೆ ಹಾಕುತ್ತೇನೆ ಎಂಬ ರಾಜಿ ನಮ್ಮ ಕಡೆ ತುಂಬ ಇದೆ. ಅಡಿಕೆಯ ಬಗ್ಗೆ ಮೇಲೆ ಹೇಳಿದ ಮೇಲೆ ಅದು ರಾಜಿಯೇ ಅಲ್ಲ. ನಾಟಿ ಔಷಧಿಯನ್ನು ಒಂದು ತಿಂಗಳು ನೋಡಿ ಆಮೇಲೆ ಆಪರೇಷನ್ ಮಾಡಿಸೋಣ ಎಂಬ ಸಲಹೆ ನೆಂಟರಿಂದ ಬಂದೇ ಬರುತ್ತದೆ. ಆ ಒಂದು ತಿಂಗಳಲ್ಲಿ ಗಡ್ಡೆ ಮೂಳೆಗೆ ಇಳಿಯಬಹುದು, ಆಗ ಕೆನ್ನೆಯಷ್ಟೇ ಹೋಗಬೇಕಾದಲ್ಲಿ ದವಡೆಯೂ ಹೋಗುತ್ತದೆ.

ಖರ್ಚಿನ ವಿಷಯದಲ್ಲಿ, ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ ತಾಲ್ಲೂಕು ಆಸ್ಪತ್ರೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಓಡಾಟವನ್ನು ಮೊದಲೇ ಮುಗಿಸಿಕೊಳ್ಳಿ. ಆಪರೇಷನ್ನಿಗೆ ಸಿಕ್ಕ ಅನುಮೋದನೆಯೇ ಕರೆಂಟಿಗೂ ಸಾಲುತ್ತದೆಂದು ಭಾವಿಸಬೇಡಿ. ಅದಕ್ಕೆ ಬೇರೆ ಕಾಗದ ಬೇಕೇ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಡಿಸ್ಚಾರ್ಜ್‌ಗೆ ಮುಂಚೆಯೇ ಕೇಳಿ.

ವರದಿಯಲ್ಲಿ ಏನನ್ನು ನೋಡಬೇಕು

ವರದಿಯ ಇಂಗ್ಲಿಷ್ ಪುಟಗಳನ್ನು ಕಂಡು ಗಾಬರಿಯಾಗಬೇಕಿಲ್ಲ. ವೈದ್ಯರನ್ನು ನಾಲ್ಕೈದು ಪ್ರಶ್ನೆ ಕೇಳಿದರೆ ಸಾಕು. ಕತ್ತರಿಸಿದ ಅಂಚಿನಿಂದ ರೋಗ ಎಷ್ಟು ದೂರವಿದೆ? 5 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಅಂಚು ಸಮೀಪವಾಯಿತೆಂದು ಲೆಕ್ಕ. ಗಡ್ಡೆ ಎಷ್ಟು ಆಳಕ್ಕೆ ಇಳಿದಿತ್ತು, ನರದ ಅಥವಾ ರಕ್ತನಾಳದ ಒಳಗೆ ಹೊಕ್ಕಿತ್ತೇ? ಎಷ್ಟು ಗ್ರಂಥಿಗಳಲ್ಲಿ ರೋಗವಿತ್ತು, ಅದು ಗ್ರಂಥಿಯ ಕವಚವನ್ನು ಒಡೆದು ಹೊರಬಂದಿತ್ತೇ? ಗಡ್ಡೆ ದೊಡ್ಡದಿದ್ದರೆ, ಒಂದಕ್ಕಿಂತ ಹೆಚ್ಚು ಗ್ರಂಥಿಗಳಲ್ಲಿ ರೋಗವಿದ್ದರೆ, ನರಕ್ಕೆ ಹೊಕ್ಕಿದ್ದರೆ ಅಥವಾ ಅಂಚು ಸಮೀಪವಿದ್ದರೆ ಸಾಮಾನ್ಯವಾಗಿ ವಿಕಿರಣದ ಸಲಹೆ ಬರುತ್ತದೆ. ಅದರ ಪ್ರಮಾಣ ಹೆಚ್ಚಾಗಿ 60 ಗ್ರೇ (ಗ್ರೇ ಎಂದರೆ ವಿಕಿರಣವನ್ನು ಅಳೆಯುವ ಮಾನ), ದಿನಕ್ಕೆ 2 ಗ್ರೇಯಂತೆ 30 ದಿನ.

ಅಂಚಿನಲ್ಲೇ ರೋಗ ಉಳಿದಿದ್ದರೆ ಅಥವಾ ಗ್ರಂಥಿಯ ಕವಚ ಒಡೆದಿದ್ದರೆ ಪ್ರಮಾಣ 66 ಗ್ರೇವರೆಗೂ ಏರಬಹುದು ಮತ್ತು ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕಿಮೋ ಔಷಧಿ ಸೇರುತ್ತದೆ. ಇಂಥವರಿಗೆ ಕಿಮೋ ಸೇರಿಸುವುದರಿಂದ ಲಾಭವಿದೆ ಎಂಬುದನ್ನು 2004ರಲ್ಲಿ ಪ್ರಕಟವಾದ ಯುರೋಪ್ ಮತ್ತು ಅಮೆರಿಕದ ಎರಡು ದೊಡ್ಡ ಅಧ್ಯಯನಗಳು ತೋರಿಸಿದವು. ಈ ಔಷಧಿ ಮೂತ್ರಪಿಂಡಕ್ಕೂ ಕಿವಿಗೂ ಹಾನಿ ಮಾಡಬಲ್ಲದ್ದರಿಂದ ರಕ್ತದ ಕ್ರಿಯಾಟಿನಿನ್ ಮತ್ತು ಶ್ರವಣ ಪರೀಕ್ಷೆಯನ್ನು ಮೊದಲೇ ಮಾಡಿಸುತ್ತಾರೆ. ಮನೆಯಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ., ಕಿವಿ ಮಂದವಿರುವುದು ಏನೇ ಇದ್ದರೂ ಮುಚ್ಚಿಡದೆ ಹೇಳಿ.

ಕರೆಂಟಿನ ಆರು ವಾರ

ಹೆಸರು ಕರೆಂಟು ಎಂದಿದ್ದರೂ ಇದರಲ್ಲಿ ವಿದ್ಯುತ್ತಿನ ಆಘಾತವೇನೂ ಇಲ್ಲ. ಎಕ್ಸ್‌-ರೇಯಂತೆಯೇ ಕಾಣದ, ತಾಗಿದ್ದೂ ತಿಳಿಯದ ಕಿರಣ ಅದು. ಮಾಸ್ಕಿನಿಂದ ತಲೆಯನ್ನು ಮೇಜಿಗೆ ಬಿಗಿದು, ಕಾಲು ಗಂಟೆಯಷ್ಟು ಹೊತ್ತು ಅಲುಗಾಡದೆ ಮಲಗಿರಬೇಕು. ಉಸಿರು ಕಟ್ಟಿದಂತೆ ಭಯವಾಗುವವರು ಮೊದಲೇ ಹೇಳಿದರೆ ಸಿಬ್ಬಂದಿ ಧೈರ್ಯ ತುಂಬಿ ಅಭ್ಯಾಸ ಮಾಡಿಸುತ್ತಾರೆ. ರೋಗಿಯಿಂದ ಮನೆಯವರಿಗೆ ವಿಕಿರಣ ಅಂಟುವುದಿಲ್ಲ, ಮೊಮ್ಮಕ್ಕಳನ್ನು ದೂರ ಇಡಬೇಕಾಗಿಯೂ ಇಲ್ಲ.

ಕಾಲು ಗಂಟೆಯ ಕೆಲಸಕ್ಕಾಗಿ ಆರು ವಾರ ಆಸ್ಪತ್ರೆಯ ಬಳಿ ಇರಬೇಕಾಗುವುದೇ ಮಲೆನಾಡಿನವರಿಗೆ ದೊಡ್ಡ ತೊಡಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಆವರಣದಲ್ಲಿ ರೋಗಿಗಳ ಕಡೆಯವರಿಗೆ ಧರ್ಮಶಾಲೆಯಿದೆ, ಅಲ್ಲಿ ಜಾಗ ಸಿಗುವುದೇ ಎಂದು ಮಾಸ್ಕಿನ ದಿನವೇ ವಿಚಾರಿಸಿ. ಮಣಿಪಾಲದ ಕಡೆ ಹೋಗುವವರು ಮಳೆಗಾಲದಲ್ಲಿ ಆಗುಂಬೆ ಘಾಟಿಯನ್ನು ನಂಬಿ ವಾರವಾರ ಊರಿಗೆ ಬಂದು ಹೋಗುವ ಲೆಕ್ಕ ಹಾಕಬೇಡಿ. ಗುಡ್ಡ ಜರಿದು ಎರಡು ದಿನ ದಾರಿ ಕಟ್ಟಿದರೆ ಎರಡು ದಿನದ ಚಿಕಿತ್ಸೆ ತಪ್ಪುತ್ತದೆ. ನಡುವೆ ಬಿಡುವು ಸಿಕ್ಕಾಗ ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಮರಿ ಹಾಕುತ್ತವೆ. ಅಕಸ್ಮಾತ್ ಒಂದು ದಿನ ತಪ್ಪಿದರೆ ಶನಿವಾರ ಅಥವಾ ಬೇರೆ ಯಾವುದಾದರೂ ಬಗೆಯಲ್ಲಿ ಅದನ್ನು ತುಂಬಿಕೊಡಲು ಸಾಧ್ಯವೇ ಎಂದು ಕೇಳಿ. ಮದುವೆ, ಗೃಹಪ್ರವೇಶ, ತಿಥಿ ಯಾವುದೂ ತಪ್ಪಿಸುವುದಕ್ಕೆ ಕಾರಣವಾಗಬಾರದು.

ಮೊದಲ ವಾರ ಏನೂ ಆಗುವುದಿಲ್ಲ. ಇಷ್ಟೇ ಅಲ್ಲವೇ ಎನ್ನಿಸುತ್ತದೆ. ಎರಡನೆಯ ವಾರದ ಕೊನೆಗೆ ರುಚಿ ಹೋಗಿ, ಬಾಯಿ ಒಣಗತೊಡಗುತ್ತದೆ. ಮೂರನೆಯ ವಾರದಿಂದ ಬಾಯಿಯೊಳಗೆ ಹುಣ್ಣೇಳುತ್ತದೆ, ಜೊಲ್ಲು ಅಂಟಾಗುತ್ತದೆ, ನುಂಗುವುದೇ ಯಾತನೆಯಾಗುತ್ತದೆ. ರೋಗಿ ಸಾಕು ಎಂದು ಎದ್ದು ಹೊರಡುವುದು ಸಾಮಾನ್ಯವಾಗಿ ನಾಲ್ಕನೆಯ ಅಥವಾ ಐದನೆಯ ವಾರದಲ್ಲಿ. ಅರ್ಧಕ್ಕೆ ಬಿಟ್ಟ ವಿಕಿರಣ ನೋವನ್ನು ಕೊಟ್ಟು ಲಾಭವನ್ನು ಕೊಡದೆ ಹೋಗುವುದರಿಂದ, ಆ ವಾರಗಳಲ್ಲಿ ಮನೆಯವರಲ್ಲಿ ಒಬ್ಬರಾದರೂ ಗಟ್ಟಿ ಮನಸ್ಸಿನವರು ಜೊತೆಗಿರಬೇಕು. ನೋವಿಗೆ ಬೇಕಾದಷ್ಟು ಔಷಧಿಯಿದೆ, ಮಾರ್ಫಿನ್ ಬರೆದುಕೊಟ್ಟರೆ ಅದು ಕೊನೆಗಾಲದ ಔಷಧಿಯೆಂದು ಹೆದರಬೇಕಿಲ್ಲ.

ಬಾಯಿ ಮುಕ್ಕಳಿಸಲು 1 ಲೀಟರ್ ಕಾದಾರಿದ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಹಾ ಚಮಚ ಅಡುಗೆ ಸೋಡಾ ಬೆರೆಸಿ, ದಿನಕ್ಕೆ ಆರೇಳು ಬಾರಿಯಾದರೂ ಬಳಸಿ. ಅಂಗಡಿಯಲ್ಲಿ ಸಿಗುವ, ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ. ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುವಾಗ ಅರಿಸಿನ, ಕೊಬ್ಬರಿ ಎಣ್ಣೆ, ಸುಣ್ಣ ಇವನ್ನು ನಮ್ಮ ತಿಳಿವಳಿಕೆಯಿಂದ ಹಚ್ಚಬಾರದು. ಬ್ಲೇಡಿನಿಂದ ಕ್ಷೌರ ಬೇಡ, ಕುತ್ತಿಗೆಗೆ ಮೆತ್ತನೆಯ ಹತ್ತಿ ಬಟ್ಟೆ ಸಾಕು.

ಊಟದ ವಿಷಯದಲ್ಲಿ ಮಲೆನಾಡಿನ ಅಡುಗೆಮನೆ ಅರ್ಧ ಮಿತ್ರ, ಅರ್ಧ ಶತ್ರು. ಕಾಳುಮೆಣಸಿನ ಕಷಾಯ, ಅಪ್ಪೆಮಿಡಿ ಉಪ್ಪಿನಕಾಯಿ, ಗರಿಗರಿಯಾದ ರೊಟ್ಟಿ, ಹುಳಿ ಸಾರು ಎಲ್ಲವೂ ಉರಿಸುತ್ತವೆ. ನುಣ್ಣಗೆ ರುಬ್ಬಿ ತುಪ್ಪ ಹಾಕಿದ ಗಂಜಿ, ಮಾಲ್ಟು ಮಾಡಿದ ರಾಗಿಗೆ ಹಾಲು, ಖಾರವಿಲ್ಲದ ಒಂದೆಲಗದ ತಂಬುಳಿ, ತೊವ್ವೆಯ ಕಟ್ಟು, ತಿನ್ನುವವರಾದರೆ ಹಸಿಯಲ್ಲದೆ ಮೆತ್ತಗೆ ಬೇಯಿಸಿದ ಮೊಟ್ಟೆ ಇವು ಇಳಿಯುತ್ತವೆ. ಬರೀ ತಿಳಿ ಗಂಜಿಯಿಂದ ಹೊಟ್ಟೆ ತುಂಬಿದಂತಾದರೂ ತೂಕ ನಿಲ್ಲುವುದಿಲ್ಲ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 30 ಕ್ಯಾಲೊರಿಯಾದರೂ, 1.2 ಗ್ರಾಂ ಪ್ರೋಟೀನ್ ಆದರೂ ಬೇಕು. 50 ಕಿಲೋ ತೂಕದವರಿಗೆ ಅದು 1,500 ಕ್ಯಾಲೊರಿ ಮತ್ತು 60 ಗ್ರಾಂ ಪ್ರೋಟೀನ್. ತೂಕವನ್ನು ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ನೋಡಿ ಬರೆದಿಡಿ. ತೂಕ ತುಂಬ ಇಳಿದರೆ ಮುಖ ಸೊರಗಿ ಮಾಸ್ಕ್ ಸಡಿಲವಾಗುತ್ತದೆ, ಕಿರಣ ಬೀಳಬೇಕಾದಲ್ಲಿ ಬೀಳುವುದಿಲ್ಲ, ಕೆಲವೊಮ್ಮೆ ಮಾಸ್ಕನ್ನೇ ಹೊಸದಾಗಿ ಮಾಡಬೇಕಾಗುತ್ತದೆ.

ಮೂಗಿನಿಂದ ಹೊಟ್ಟೆಗೆ ಹಾಕುವ ರೈಲ್ಸ್ ಟ್ಯೂಬನ್ನು ನಮ್ಮವರು ಸೋಲೆಂದು ಭಾವಿಸುತ್ತಾರೆ. ಅದು ಚಿಕಿತ್ಸೆ ನಿಲ್ಲದಿರಲು ಹಾಕುವ ತಾತ್ಕಾಲಿಕ ಊರುಗೋಲು. ಸೋಸಿದ ಆಹಾರವನ್ನು 200–250 ಮಿಲಿಲೀಟರಿನಂತೆ ಎರಡು-ಮೂರು ಗಂಟೆಗೊಮ್ಮೆ, ರೋಗಿಯನ್ನು ಒರಗಿ ಕೂರಿಸಿ ಕೊಡಿ. ಪ್ರತಿ ಸಲವೂ ಕೊನೆಗೆ ನೀರು ಹಾಯಿಸಿ ನಳಿಕೆಯನ್ನು ತೊಳೆಯಿರಿ. ಟ್ಯೂಬಿದ್ದರೂ ವೈದ್ಯರು ಬೇಡವೆನ್ನದಿದ್ದರೆ ದಿನಕ್ಕೆ ಕೆಲವು ಗುಟುಕು ನೀರನ್ನು ಬಾಯಿಯಿಂದ ನುಂಗುತ್ತಿರಬೇಕು, ಇಲ್ಲದಿದ್ದರೆ ಗಂಟಲು ನುಂಗುವುದನ್ನೇ ಮರೆಯುತ್ತದೆ. ಜ್ವರ ಬಂದರೆ, ಉಸಿರಾಡುವಾಗ ಸದ್ದಾದರೆ, ಬಾಯಿಯಿಂದ ರಕ್ತ ಬಂದರೆ, ಮೂತ್ರ ಕಡಿಮೆಯಾದರೆ ನಾಳೆಯವರೆಗೆ ಕಾಯದೆ ಅಂದೇ ತೋರಿಸಿ.

ಮುಗಿದ ಮೇಲೆ

ವಿಕಿರಣ ಮುಗಿದ ಮೇಲೂ ಒಂದೆರಡು ವಾರ ಹುಣ್ಣು ಹೆಚ್ಚುತ್ತಲೇ ಇರಬಹುದು, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಬಾಯಿ ತೆರೆಯುವ ವ್ಯಾಯಾಮವನ್ನು ಮಾತ್ರ ಬಿಡುವಂತಿಲ್ಲ. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ವಾರಕ್ಕೊಂದು ಕಡ್ಡಿ ಹೆಚ್ಚಿಸುತ್ತ ಹೋಗುವುದು ಹಳೆಯ ವಿಧಾನ, ಖರ್ಚೂ ಇಲ್ಲ. ಅಡಿಕೆಯಿಂದ ಮೊದಲೇ ಬಾಯಿ ಬಿಗಿದುಕೊಂಡವರಿಗೆ ಇದು ಇನ್ನೂ ಅಗತ್ಯ. ಕುತ್ತಿಗೆಯ ಆಪರೇಷನ್ನಿನಲ್ಲಿ ಭುಜದ ನರ ದಣಿದಿರುವುದರಿಂದ ತೋಳೆತ್ತುವ ವ್ಯಾಯಾಮವನ್ನೂ ಕಲಿತು ಬನ್ನಿ. ಸೌದೆ ಕಡಿಯುವ ಕೈ ತಲೆ ಬಾಚಲೂ ಏಳದಂತಾಗುವುದುಂಟು.

ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಎರಡರಿಂದ ಆರು ತಿಂಗಳಿಗೊಮ್ಮೆ ತಪಾಸಣೆ ಇರುತ್ತದೆ. ಕುತ್ತಿಗೆಗೆ ಕಿರಣ ಬಿದ್ದವರಲ್ಲಿ ಥೈರಾಯ್ಡ್ ಗ್ರಂಥಿ ಸೋಲುವುದು ಸಾಮಾನ್ಯವಾದ್ದರಿಂದ 6–12 ತಿಂಗಳಿಗೊಮ್ಮೆ ಟಿ.ಎಸ್.ಎಚ್. ರಕ್ತ ಪರೀಕ್ಷೆ ಮಾಡಿಸಬೇಕು. ಸುಸ್ತು, ಮಲಬದ್ಧತೆ, ಚಳಿ ಇವನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ಉಳಿದ ಹಲ್ಲುಗಳಿಗೆ ಫ್ಲೋರೈಡ್ ಲೇಪನ ಜೀವನಪರ್ಯಂತ ಬೇಕು. ದವಡೆಗೆ ವಿಕಿರಣ ಆಗಿದೆ, ಕ್ಯಾನ್ಸರ್ ಆಸ್ಪತ್ರೆಯನ್ನು ಕೇಳದೆ ಹಲ್ಲು ಕೀಳಬಾರದು ಎಂದು ಪ್ರಮಾಣ ಮತ್ತು ತಾರೀಖಿನೊಂದಿಗೆ ಬರೆದ ಒಂದು ಚೀಟಿಯನ್ನು ಆಧಾರ್ ಕಾರ್ಡಿನ ಹಿಂದೆ ಇಟ್ಟಿರಿ. ಚಿಕ್ಕಪ್ಪ ಹೋದ ವರ್ಷ ಹಲ್ಲುನೋವೆಂದು ಒಬ್ಬರೇ ಪೇಟೆಗೆ ಹೋಗಿದ್ದಾಗ ಕುರ್ಚಿಯ ಮೇಲೆ ಕುಳಿತು ಆ ಚೀಟಿಯನ್ನೇ ತೆಗೆದುಕೊಟ್ಟರು. ದಂತವೈದ್ಯರು ಇಕ್ಕಳವನ್ನು ಬದಿಗಿಟ್ಟು ಮೊದಲು ಫೋನು ಮಾಡಿದರು.